ಪದ್ದಣ್ಣನ ಮೂರು ವಾರದ ಚಿಕಿತ್ಸೆ

ಸಾಗರದ ಸರ್ಕಲ್ಲಿನ ನಟ್ಟನಡುವೆ ಬಿಂದುಶ್ರೀ ಮೇಡಂ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಅವರ ಹದಿನೆಂಟು ವರ್ಷದ ಆಟೋಮ್ಯಾಟಿಕ್ ಕಾರು ಗುರುಗುಟ್ಟಿತೇ ಹೊರತು ಜಗ್ಗಲಿಲ್ಲ. ಕೊನೆಗೆ ಆಟೋದವರೇ ಇಳಿದು ತಳ್ಳಿದ್ದರಿಂದ ಕಾರಿನ 'ಆಟೋ' ಎಂಬ ಅರ್ಧ ಹೆಸರಿನ ಮಾನವಾದರೂ ಉಳಿಯಿತು. ಎಡಗಾಲಿಗೆ ಬಲವಿಲ್ಲದ ಮೇಡಂಗೆ ಬೇರೆ ಕಾರುಗಳ ಕ್ಲಚ್ ಒತ್ತಲಾಗದು, ಈ ಕಾರು ಕೈಕೊಟ್ಟರೆ ಹೊಸನಗರದ ಕಾಲೇಜಿಗೆ ಹೋಗಲು ಮತ್ತೆ ಬಸ್ಸಿನ ಎತ್ತರದ ಮೆಟ್ಟಿಲೇ ಗತಿ. ಗ್ಯಾರೇಜಿನ ಪದ್ದಣ್ಣ ಯಾವ ಕಾರು ಬಂದರೂ ಮೊದಲು ಗೇರ್ ಆಯಿಲನ್ನು ಹಳೇ ಕ್ಯಾಲೆಂಡರ್ ಹಾಳೆಗೆ ಒಂದು ಹನಿ ಬಿಟ್ಟು, ಮದುವೆಮನೆ ಭಟ್ಟರು ಸಾರಿನ ಹದ ನೋಡುವಂತೆ ಮೂಸುತ್ತಾರೆ; ಮೇಡಂ ಕಾರಿನದನ್ನು ಮೂಸಿ, "ಕಪ್ಪಾಗಿದೆ, ಸೀದಿಲ್ಲ, ಬದುಕ್ತದೆ" ಎಂದರು. ಮೆಷಿನ್ ಹಚ್ಚಿ ಹಳೇ ಆಯಿಲನ್ನೆಲ್ಲ ಒಂದೇ ಸಲ ತೊಳೆದುಬಿಡಿ ಅಂದರೆ ಸಿಟ್ಟು: "ವಯಸ್ಸಾದೋರಿಗೆ ಒಂದೇ ದಿನ ಅಷ್ಟು ಕೊಡ ನೀರು ಹೊಯ್ದ್ರೆ ಶೀತ ಆಗಲ್ವ ಮೇಡಂ?" ವಾರಕ್ಕೊಮ್ಮೆಯಂತೆ ಮೂರು ಸಲ, ಹಳೇದು ಇಳಿದಷ್ಟೇ ಅಳೆದು ಹೊಸ ಆಯಿಲ್ ಹೊಯ್ಯುತ್ತಾರೆ, ಪ್ರತಿ ಹನಿಯ ಹಾಳೆಯನ್ನೂ ತಾರೀಕು ಬರೆದು ಗೋಡೆಗೆ ಅಂಟಿಸುತ್ತಾರೆ, ಊರಿನ ಹಳೇ ಕಾರುಗಳ ಜಾತಕವೆಲ್ಲ ಅಲ್ಲಿದೆ. ಹನಿ ಹೊಸ ಆಯಿಲಿನಂತೆ ಕೆಂಪಗೆ ಬಂದ ದಿನ ವರದಹಳ್ಳಿಯ ಏರಿನಲ್ಲಿ ಪರೀಕ್ಷೆ. ಸ್ಟೇರಿಂಗ್ ಮಾತ್ರ ಮಾಲೀಕರ ಕೈಯಲ್ಲೇ. "ನಿಮ್ಮ ಕಾಲಿಗೆ ಗೊತ್ತಾಗೋದು ನನ್ನ ಕಾಲಿಗೆ ಗೊತ್ತಾಗಲ್ಲ, ನೀವೇ ಓಡ್ಸಿ" ಎಂದು ಪಕ್ಕದಲ್ಲಿ ಕಣ್ಣುಮುಚ್ಚಿ ಕೂತರು. ತಮ್ಮ ಕಾಲಿನ ಅಭಿಪ್ರಾಯವನ್ನು ಇಷ್ಟು ಮರ್ಯಾದೆಯಿಂದ ಕೇಳಿದವರನ್ನು ಮೇಡಂ ಈವರೆಗೆ ಕಂಡಿರಲಿಲ್ಲ. ಒಂದು ಕುಲುಕೂ ಇಲ್ಲದೆ ಕಾರು ಏರು ಹತ್ತಿತು. ಖುಷಿಯಲ್ಲಿ ಮೇಡಂ ಕೇಳಿದರು, "ಪದ್ದಣ್ಣ, ಕಣ್ಮುಚ್ಚಿ ಗೇರ್‌ಬಾಕ್ಸಿಂದ ಎಂತ ಕೇಳಿಸ್ಕೊಳ್ತೀರಿ?" "ಎಂತದೂ ಇಲ್ಲ ಮೇಡಂ," ಎಂದರು ಪದ್ದಣ್ಣ, "ಕಾರು ಹತ್ತಿದ್ರೆ ನಂಗೆ ವಾಂತಿ ಬರೋ ಹಂಗಾಗ್ತದೆ."