ಗುಂಯ್ ಸದ್ದು ವಾಪಸ್ ಬೇಕೆಂದು ಬಂದ ಅರ್ಜಿ

ನಾಲ್ಕು ವರ್ಷದ ಹಿಂದೆ, ನಿವೃತ್ತಿಗೆ ಮುನ್ನ, ನಾನು ಬಳಗಾನೂರು ಭಾಗದಲ್ಲಿ ಲೈನ್‌ಮನ್ ಆಗಿದ್ದೆ. ಕರೆಂಟು ಕೊಡಿ ಎಂಬ ಅರ್ಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ರಿಪೇರಿ ಮಾಡಿದ ದೋಷವನ್ನು ವಾಪಸ್ ಕೊಡಿ ಎಂಬ ಅರ್ಜಿ ಬಂದದ್ದು ಒಂದೇ ಸಲ.

ಬರೆದವರು ಟೇಲರ್ ನಸೀಮಾ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು, ಗೆಳತಿ ಅಂಗನವಾಡಿ ಟೀಚರ್ ಶಿವಮ್ಮನ ಜೊತೆ ರಾಕ್ ಹಾಡುಗಳ ಆಲ್ಬಮ್ ಮಾಡುತ್ತಿದ್ದರು. ನಸೀಮಾ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಹಾಡುವುದು, ಶಿವಮ್ಮ ಜೋಳ ತುಂಬಿಡುವ ತಗಡಿನ ಡಬ್ಬಿ ಬಾರಿಸುವುದು, ರೆಕಾರ್ಡಿಂಗ್ ಮೊಬೈಲಿನಲ್ಲಿ. ಸ್ಟುಡಿಯೋದ ನುಣುಪಿಲ್ಲದೆ ಮನೆಯಲ್ಲೇ ಮಾಡಿದ ಇಂಥ ರೆಕಾರ್ಡಿಂಗಿಗೆ ಲೋ-ಫೈ ಎನ್ನುತ್ತಾರಂತೆ.

ಮೊದಲು ನನ್ನನ್ನು ಕರೆದದ್ದು ಶಿವಮ್ಮ. "ಗಿಟಾರ್ ಮುಟ್ಟಿದ್ರ ಇಕಿ ಕೈ ಜುಮ್ ಅಂತದ ರೀ."

ಹೋಗಿ ನೋಡಿದೆ. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ, ತುಕ್ಕು ಹಿಡಿದು ತುಂಡಾಗಿತ್ತು. ಸ್ಪೀಕರ್ ಗುಂಯ್ ಎನ್ನುತ್ತಿತ್ತು. ಮೀಟರಿನಿಂದಾಚೆಯ ವೈರಿಂಗ್ ನಮ್ಮ ಕೆಲಸವಲ್ಲ. ಆದರೆ ಜೀವದ ಪ್ರಶ್ನೆ, ಸರಿಮಾಡಿದೆ. ಗುಂಯ್ ನಿಂತಿತು. ಕೈ ಒರೆಸಿಕೊಂಡು ಚಹಾಕ್ಕೆ ಕಾದು ಕೂತೆ. ಇಬ್ಬರೂ ಸಾವಿನ ಮನೆಯಲ್ಲಿ ಕೂತವರಂತೆ ಕೂತಿದ್ದರು. ಚಹಾ ಬರಲಿಲ್ಲ. ಮರುದಿನ ಅರ್ಜಿ ಬಂತು. ಅದನ್ನು ಹಿಡಿದು ಮತ್ತೆ ಅಂಗಡಿಗೆ ಹೋದೆ.

"ನಮ್ಮ ಶ್ರುತಿನೇ ಒಯ್ದ್ರಲ್ರೀ," ಎಂದರು ನಸೀಮಾ. "ಮೂರು ಹಾಡು ಆ ಗುಂಯ್‌ಗೇ ಗಿಟಾರ್ ಕೂಡಿಸಿ ಮಾಡೀವಿ. ನಾಕನೇದು ಬೋಳು ಬೋಳು ಕೇಳಸಾಕತ್ತದ."

"ಅದು ಶ್ರುತಿ ಅಲ್ಲ ತಂಗಿ, ಯಮ!"

"ಯಮ ಆದ್ರೂ ಶ್ರುತಿ ತಪ್ಪಿದ್ದಿಲ್ರೀ," ಎಂದರು ಶಿವಮ್ಮ.

ಮೂರೂ ಹಾಡು ಕೇಳಿಸಿದರು. ಒಂದರಲ್ಲಿ ಎಮ್ಮೆ ಕೂಗಿತ್ತು. ಇನ್ನೊಂದರಲ್ಲಿ ನಸೀಮಾ ನಡುವೆಯೇ ನಕ್ಕು ಸಾಲು ಮರೆತಿದ್ದರು. ಕೆಳಗೆ ಗುಂಯ್, ತಂಬೂರಿಯ ಹಾಗೆ. ಯಾರೋ ನನ್ನ ಪಕ್ಕದಲ್ಲೇ ಚಾಪೆ ಮೇಲೆ ಕೂತು ಹಾಡಿದಂತಿತ್ತು. ಒಂದು ಕೇಳಿ ಎದ್ದುಬಿಡೋಣ ಎಂದುಕೊಂಡಿದ್ದವನು ಮೂರನ್ನೂ ಎರಡೆರಡು ಸಲ ಕೇಳಿದೆ.

ಅರ್ಥಿಂಗ್ ಕೀಳಲಂತೂ ಸಾಧ್ಯವಿರಲಿಲ್ಲ. ಆದರೆ ಇಡೀ ನೌಕರಿ ಟ್ರಾನ್ಸ್‌ಫಾರ್ಮರ್ ಕೆಳಗೆ ಕಳೆದ ಕಿವಿ ನನ್ನದು. ಅಲ್ಲೂ ಅದೇ ಕರೆಂಟು, ಅದೇ ಗುಂಯ್. ಮರುದಿನ ಬೆಳಿಗ್ಗೆ ಇಬ್ಬರನ್ನೂ ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ಬಳಿ ಕರೆದೊಯ್ದು ಬೇಲಿಯಿಂದ ದೂರ ನಿಲ್ಲಿಸಿದೆ. ನಸೀಮಾ ಗಿಟಾರಿನ ತಂತಿ ಮೀಟಿ ನೋಡಿದರು. "ಅದೇ ರೀ! ಬರೇ ಮ್ಯಾಲಿನ ಸ್ಥಾಯಿ!"

ರೆಕಾರ್ಡಿಂಗ್ ಶುರುವಾಯಿತು. ಹಾಡಿನ ಅಮಲಿನಲ್ಲಿ ಶಿವಮ್ಮ ಡಬ್ಬಿ ಬಾರಿಸುತ್ತಾ ಬೇಲಿಯ ಕಡೆ ಸರಿಯತೊಡಗಿದರು.

"ಏ ಶಿವಮ್ಮಾ, ಹಿಂದ ಸರಿಯವ್ವಾ! ಸಾಯ್ತಿ!" ಎಂದು ಒದರಿದೆ.

ಹಾಡು ಕೆಡಿಸಿದೆನೆಂದು ಕ್ಷಮೆ ಕೇಳಿದೆ. ಇನ್ನೊಮ್ಮೆ ಮಾಡೋಣ ಎಂದೆ.

"ಬ್ಯಾಡ್ರೀ," ಎಂದರು ನಸೀಮಾ. "ಸರಿಯಾಗಿ ತಾಳಕ್ಕೇ ಒದರೀರಿ."

ಆ ಕೂಗು ಆಲ್ಬಮ್ಮಿನಲ್ಲಿದೆ. ಲಿಂಗಸುಗೂರಿನ ಬೀಗರಿಗೆಲ್ಲ ನನ್ನ ಹೆಂಡತಿ ಅದನ್ನು ಕೇಳಿಸಿಯಾಗಿದೆ.

ಯಾವುದೇ ದೋಷ ತೆಗೆಯುವ ಮುನ್ನ ಮನೆಯವರು ಅದರೊಂದಿಗೆ ಹೇಗೆ ಬಾಳುತ್ತಿದ್ದಾರೆಂದು ಒಂದು ಮಾತು ಕೇಳಬೇಕು ಎಂಬುದನ್ನು ನೌಕರಿ ನನಗೆ ಕಲಿಸಿತು. ಅರ್ಥಿಂಗ್ ಮಾತ್ರ ಕೇಳದೆಯೇ ಹಾಕಬೇಕು.