ನಾಲ್ಕು ಬೆರಳು ಎಣ್ಣೆ

ಕೆಲಸಕ್ಕೆ ಸೇರಿದ ಮೂರನೇ ದಿನವೇ ನಾನು ಸೋದರಮಾವನ ಜೀವ ಉಳಿಸಲು ರಸ್ತೆ ದಾಟಿ ಓಡಿದ್ದೆ. ಗ್ಯಾರೇಜಿನಲ್ಲಿ ನನ್ನದು ಬಿಡಿಭಾಗಗಳ ಕೌಂಟರು. ಮಾವ ಅಲ್ಲಿಯ ಹಳೇ ಮೆಕ್ಯಾನಿಕ್. ನನಗೆ ಕೆಲಸ ಕೊಡಿಸಿದವರೂ ಅವರೇ. ಅಂದು ಅವರು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು, "ಉಸಿರು ಕಟ್ಟಿಬಿಟ್ಟಿದೆ ಕಣೋ! ಓಡು, ಬ್ರೀದರ್ ತಗೊಂಡ್ ಬಾ!" ಎಂದು ಕೂಗಿದರು. ನಾನು ಎದುರಿನ ಔಷಧಿ ಅಂಗಡಿಗೆ ಓಡಿ, ಆಸ್ತಮಾದವರು ಬಾಯಿಗಿಟ್ಟುಕೊಳ್ಳುವ ಪಂಪನ್ನು ತಂದು ಅವರ ಕೈಗಿತ್ತೆ. ಏದುಸಿರು ಬಿಡುತ್ತಿದ್ದವನು ನಾನು, ಮಾವ ಆರಾಮಾಗಿದ್ದರು. ಪಂಪನ್ನು ಹಿಂದುಮುಂದು ತಿರುಗಿಸಿ ನೋಡಿ, "ಇದನ್ನ ಎಂಜಿನ್ನಿನ ಯಾವ ಬಾಯಿಗೆ ಇಡ್ಲಪ್ಪಾ?" ಎಂದರು. ಅವರು ಕೇಳಿದ್ದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ನೇತಾಡುತ್ತಿದ್ದ ಗೇಣುದ್ದದ ರಬ್ಬರ್ ಪೈಪನ್ನು. ಅಂದಿನಿಂದ ಇಡೀ ಗ್ಯಾರೇಜಿಗೆ ನಾನು ಡಾಕ್ಟ್ರು.

ಎಂಜಿನ್ನೂ ಉಸಿರಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಪಿಸ್ಟನ್ನಿನ ಮೇಲೆ ಪೆಟ್ರೋಲ್ ಸಿಡಿದಾಗ ಒಂದಿಷ್ಟು ಹೊಗೆ ಅದರ ಸುತ್ತಲಿನ ರಿಂಗುಗಳ ಸಂದಿಯಲ್ಲಿ ನುಸುಳಿ, ಕೆಳಗೆ ಎಣ್ಣೆಯಿರುವ ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ದಾರಿ ಬಿಡದಿದ್ದರೆ ಒತ್ತಡ ಕಟ್ಟಿಕೊಂಡು, ಸಿಕ್ಕಸಿಕ್ಕಲ್ಲಿ ಎಣ್ಣೆ ಕಕ್ಕುತ್ತದೆ. ಮಾಮೂಲಿ ಎಂಜಿನ್ ಆ ಹೊಗೆಯನ್ನು ತಾನೇ ಹೀರಿಕೊಂಡು ಸುಟ್ಟುಬಿಡುತ್ತದೆ. ಆದರೆ ಮಾವನ ಸ್ವಂತ ಕಾರಿಗೆ ಸೂಪರ್‌ಚಾರ್ಜರ್ ಇತ್ತು. ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ. "ಬಾಯಿ ತುಂಬಾ ತುರುಕಿಸ್ಕೊಂಡವನು ಇನ್ನೇನು ಹೀರ್ತಾನೆ?" ಎನ್ನುತ್ತಿದ್ದರು ಮಾವ. ತುರುಕಿದಷ್ಟೂ ಕೆಳಗೆ ನುಸುಳುವುದು ಜಾಸ್ತಿ. ಅದಕ್ಕೇ ಅವರು ಒಂದು ತಗಡಿನ ಡಬ್ಬ ಕೂರಿಸಿದ್ದರು. ಹೊಗೆ ಪೈಪಿನಲ್ಲಿ ಬಂದು ಡಬ್ಬ ಹೊಗಬೇಕು, ಒಳಗಿಟ್ಟ ಪಾತ್ರೆ ತಿಕ್ಕುವ ಸ್ಟೀಲ್ ನಾರಿಗೆ ತಾಗಿ ಎಣ್ಣೆಯೆಲ್ಲ ತಳಕ್ಕಿಳಿಯಬೇಕು, ಉಳಿದ ಗಾಳಿ ಮುಂದಕ್ಕೆ ಹೋಗಬೇಕು. ನಾರು ಅತ್ತೆಯ ಅಡುಗೆಮನೆಯದು.

ಪ್ರತಿ ಸಂಜೆ ಕಾರಿನಲ್ಲಿ ಮನೆಗೆ ಬಂದು, ಡಬ್ಬದ ತಳದ ತಿರುಪು ಸಡಿಲಿಸಿ ಎಣ್ಣೆಯನ್ನು ಜಾಮ್ ಬಾಟಲಿಗೆ ಇಳಿಸಿ, ಬೆರಳಿಟ್ಟು ಅಳೆಯುತ್ತಿದ್ದರು.

"ಇವತ್ತೆಷ್ಟು?" ಎಂದು ಅತ್ತೆ ಕಿಟಕಿಯಿಂದ ಕೂಗುವರು.

"ನಾಲ್ಕು ಬೆರಳು!"

ಪಕ್ಕದ ಮನೆಯಾಕೆ ಈ ಸಂಭಾಷಣೆಯನ್ನು ವರ್ಷಗಟ್ಟಲೆ ಕೇಳಿಸಿಕೊಂಡು, ಕೊನೆಗೊಂದು ದಿನ ಅತ್ತೆಯ ಕೈ ಹಿಡಿದು, ಎಣ್ಣೆ ಬಿಡಿಸುವ ಆಸ್ಪತ್ರೆಯೊಂದರ ವಿಳಾಸ ಕೊಟ್ಟರಂತೆ. "ನಮ್ಮನೆಯವರು ಒಂದು ತೊಟ್ಟೂ ಮುಟ್ಟೋರಲ್ಲ ಕಣ್ರೀ, ಕುಡಿದು ಕಕ್ಕೋದೆಲ್ಲ ಆ ಸವತೀನೇ," ಎಂದು ಅತ್ತೆ ಕಾರು ತೋರಿಸಿದ್ದರು.

ಆ ಸವತಿಯನ್ನು ಮಾವ ಕಟ್ಟಿದ್ದು ಇಪ್ಪತ್ತೈದರ ವಯಸ್ಸಿನಲ್ಲಿ. ಗುಜರಿಯಿಂದ ತಂದ ಪುಟ್ಟ ಕಾರು, ಇನ್ನೊಂದು ಗುಜರಿಯ ದೊಡ್ಡ ಕಾರಿನ ಸೂಪರ್‌ಚಾರ್ಜರು. ಎರಡನ್ನೂ ಕೂಡಿಸುವ ಕಬ್ಬಿಣದ ಪಟ್ಟಿಯನ್ನು ಒಂದು ವರ್ಷ ಅರ ಹಾಕಿ ಉಜ್ಜಿದ್ದರಂತೆ. ಆಗ ದೂರದೂರದಿಂದ ಜನ ನೋಡಲು ಬರುತ್ತಿದ್ದರು. ಈಗಿನ ಎಂಜಿನ್ನುಗಳಿಗೆ ಕಾಯಿಲೆ ಹೇಳುವುದು ಲ್ಯಾಪ್‌ಟಾಪು. ಹೊಸ ಹುಡುಗರು ಅದನ್ನು ತಿವಿಯುತ್ತಿದ್ದರೆ ಮಾವನಿಗೆ ಉಳಿದದ್ದು ಆಯಿಲ್ ಬದಲಿಸುವ, ಚಕ್ರ ಬಿಚ್ಚುವ ಕೆಲಸ. ತಾನೊಬ್ಬ ಎಂಜಿನ್ ಬಲ್ಲವನು ಎನ್ನಲು ಅವರ ಹತ್ತಿರವಿದ್ದ ಸಾಕ್ಷಿ ಅದೊಂದೇ ಕಾರು. ಅದರ ಸವೆದ ಸಿಲಿಂಡರನ್ನೋ ಮೂರು ಸಲ ಕೊರೆಸಿ ನಯ ಮಾಡಿಸಿಯಾಗಿತ್ತು. ಇನ್ನೊಮ್ಮೆ ಕೊರೆಸಲು ಗೋಡೆಯಲ್ಲಿ ದಪ್ಪವಿರಲಿಲ್ಲ. ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ; ಬಿಡಿಭಾಗದ ಕೌಂಟರಿನವನಾಗಿ ನಾನೇ ಊರೂರಿಗೆ ಫೋನು ಮಾಡಿ ಬೈಸಿಕೊಂಡಿದ್ದೆ.

ಈ ವರ್ಷ ಹೊಗೆ ತಪಾಸಣೆಯಲ್ಲಿ ಕಾರು ಎರಡು ಸಲ ಫೇಲಾಯಿತು. ಮೂರನೆಯ ಸಲವೂ ಹೊಗೆ ಬಿಟ್ಟರೆ ನೋಂದಣಿ ರದ್ದು, ಗಾಡಿ ಗುಜರಿಗೆ. ಮಾವ ರಿಂಗು ಬದಲಿಸಿದರು, ಎಣ್ಣೆ ದಪ್ಪನೆಯದು ಹಾಕಿದರು, ಉಸಿರಿನ ಪೈಪು ಅಗಲ ಮಾಡಿದರು. ತಪಾಸಣೆಗೆ ನಾಲ್ಕು ದಿನವಿದ್ದಾಗ ನನಗೊಂದು ಕೆಲಸ ಹೇಳಿದರು: "ಡಾಕ್ಟ್ರೇ, ಡಬ್ಬ ತೊಳೆದು ಹೊಸ ನಾರು ಹಾಕಿಡು. ಒಂದೇ, ಸಡಿಲವಾಗಿ."

ಡಬ್ಬ ತೊಳೆದೆ. ಒಂದು ನಾರು ಇಷ್ಟು ಎಣ್ಣೆ ಹಿಡಿದರೆ ಎರಡು ಎಷ್ಟು ಹಿಡಿಯಬೇಡ ಎಂದು ನನ್ನ ತಲೆ ಲೆಕ್ಕ ಹಾಕಿತು. ಆ ತಲೆ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಎಂಬುದು ಆ ಕ್ಷಣ ನೆನಪಾಗಲಿಲ್ಲ. ಎರಡನ್ನೂ ಹೆಬ್ಬೆರಳಿನಿಂದ ಅದುಮಿ ಅದುಮಿ ತುಂಬಿ ಮುಚ್ಚಳ ಬಿಗಿದೆ. ಪಾಸಾದ ಮೇಲೆ ಹೇಳಿ ಶಭಾಷ್ ಅನಿಸಿಕೊಳ್ಳೋಣವೆಂದು ಬಾಯಿ ಮುಚ್ಚಿಕೊಂಡಿದ್ದೆ.

ಮರುದಿನ ಸಂಜೆ ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು, ಇನ್ನೊಮ್ಮೆ ಬೆರಳಿಟ್ಟು ನೋಡಿದರು.

"ಎಷ್ಟು?" ಎಂದರು ಅತ್ತೆ.

"ಒಂದು ಬೆರಳು."

"ಸರಿಯಾಗಿ ನೋಡ್ರೀ, ಕನ್ನಡಕ ಎಲ್ಲಿ?"

"ಒಂದೇ ಕಣೇ! ಹೊಸ ರಿಂಗು ಕೂತ್ಕೊಂಡಿದೆ!"

ಮೂರು ದಿನವೂ ಒಂದೇ ಬೆರಳು. ಯಾವ ನಟ್ಟನ್ನೂ ಎರಡು ಸಲ ಬಿಗಿಯದೆ ಬಿಡದ, ಹೆಂಡತಿ ಹಾಕಿದ ಬಾಗಿಲಿನ ಚಿಲಕವನ್ನೂ ಎದ್ದು ನೋಡಿ ಬರುವ ಮನುಷ್ಯ ಮೂರು ದಿನ ಪೂರ್ತಿ ನಂಬಿದರು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದರು. ಡಬ್ಬ ಬಿಚ್ಚಿ ನೋಡುವ ಮಾತೇ ಬರಲಿಲ್ಲ.

ತಪಾಸಣೆಯ ಅಂಗಳದಲ್ಲಿ ಅಧಿಕಾರಿ ಸೈಲೆನ್ಸರಿಗೆ ನಳಿಗೆ ಸಿಕ್ಕಿಸಿ, "ರೇಸ್ ಮಾಡಿ ಯಜಮಾನ್ರೇ," ಎಂದರು. ಮಾವ ಮಾಡಿದರು. ಮೀಟರಿನ ಅಂಕಿ ಇನ್ನೂ ನಿಂತಿರಲಿಲ್ಲ.

"ಇನ್ನೂ ಜೋರಾಗಿ."

ಟಪ್ ಎಂದು ಸದ್ದಾಯಿತು. ಎಣ್ಣೆ ಮಟ್ಟ ನೋಡುವ ಕಡ್ಡಿ ತನ್ನ ತೂತಿನಿಂದ ಚಿಮ್ಮಿ ಬಾನೆಟ್ಟಿಗೆ ಬಡಿದಿತ್ತು. ಹಿಂದೆಯೇ ಎಣ್ಣೆ ಕಾರಂಜಿಯಂತೆ ಎದ್ದು, ಎಂಜಿನ್ನಿನಿಂದ ಹೊರಡುವ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿತ್ತು. ಅಂಗಳವೆಲ್ಲ ಬೆಳ್ಳನೆಯ ಹೊಗೆ. ಅಧಿಕಾರಿ ಕೆಮ್ಮುತ್ತಲೇ ಫೇಲ್ ಎಂದು ಬರೆದು, ಮೂರನೆಯ ಮುದ್ರೆ ಒತ್ತಿದರು.

ಮಾವ ಅಲ್ಲೇ ಡಬ್ಬ ಬಿಚ್ಚಿದರು. ಕಪ್ಪು ಮಣ್ಣಿನ ಹೆಂಟೆಯಂತೆ ಗಟ್ಟಿಯಾದದ್ದನ್ನು ಹೊರಗೆಳೆದು, ಬಿಡಿಸಿದರು. ಒಂದು ಎರಡಾಯಿತು. ಎಣ್ಣೆ ಕಡಿಮೆಯಾಗಿರಲಿಲ್ಲ, ಉಸಿರೇ ಕಟ್ಟಿತ್ತು. ಹೋಗಲು ದಾರಿಯಿಲ್ಲದ ಹೊಗೆ ಒಳಗೇ ಕೂತು ಕಡ್ಡಿಯನ್ನು ಒದ್ದಿತ್ತು.

"ಎರಡು," ಎಂದರು ಮಾವ. ಅಷ್ಟೇ. ಬೈದಿದ್ದರೆ ಆ ರಾತ್ರಿ ಅನ್ನವಾದರೂ ಇಳಿಯುತ್ತಿತ್ತು.

ಮುಂದಿನ ವಾರ ಗುಜರಿಯ ಲಾರಿ ಬಂದು ಕಾರನ್ನು ಎತ್ತಿಕೊಂಡು ಹೋಯಿತು. ಡಬ್ಬವನ್ನು ಮಾತ್ರ ಮಾವ ಕಳಚಿಟ್ಟುಕೊಂಡಿದ್ದರು. ಈಗ ಅತ್ತೆ ಅದರಲ್ಲಿ ಬಟ್ಟೆ ಕ್ಲಿಪ್ಪು ಹಾಕಿಡುತ್ತಾರೆ. ಎಲ್ಲರೂ ನನ್ನನ್ನು ಸಮಾಧಾನ ಮಾಡಿದವರೇ. "ಆ ಎಂಜಿನ್ ಯಾವತ್ತೋ ಸತ್ತಿತ್ತು ಬಿಡು ಡಾಕ್ಟ್ರೇ, ನೀನು ಬರೀ ಸರ್ಟಿಫಿಕೇಟ್ ಕೊಟ್ಟೆ," ಎಂದರು ಗ್ಯಾರೇಜಿನ ಸೂಪರ್‌ವೈಸರ್. "ನೀನಲ್ಲದಿದ್ರೆ ಇನ್ನೊಂದು ಕಾರಣ ಆಗ್ತಿತ್ತು ಕಣಪ್ಪಾ," ಎಂದರು ಅತ್ತೆ. ಕೇಳಿ ಕೇಳಿ ನನಗೂ ಅದು ನಿಜವೆನಿಸತೊಡಗಿತು. ಮಾವನ ಬಾಯಿಂದಲೂ ಒಮ್ಮೆ ಕೇಳಿಬಿಟ್ಟರೆ ನಿಶ್ಚಿಂತೆಯೆಂದು, ಮೊನ್ನೆ ಊಟದ ಹೊತ್ತಿನಲ್ಲಿ, ನಲ್ಲಿಯ ಹತ್ತಿರ ಸೋಪಿನ ಪುಡಿ ಹಾಕಿ ಕೈ ತಿಕ್ಕುತ್ತಿದ್ದವರ ಪಕ್ಕ ಹೋಗಿ ನಿಂತೆ.

"ಮಾವ, ನಾನು ಒಂದೇ ನಾರು ಹಾಕಿದ್ರೂ ಅದು ಪಾಸಾಗ್ತಿರ್ಲಿಲ್ಲ, ಅಲ್ವಾ?"

ಅವರು ಉಗುರಿನ ಸಂದಿಯ ಕಪ್ಪು ತೆಗೆದು, ಕೈ ತೊಳೆದು, ನಲ್ಲಿ ನಿಲ್ಲಿಸಿದರು.

"ಆಗ್ತಿತ್ತು," ಎಂದರು.