ಬಿರುಕಿನ ಮೇಲೆ ಬಳಿದ ಬಣ್ಣ

ಮಸ್ಕಿ ಕಡೆಯ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿಗೆ ನಾನು ಮುಖ್ಯೋಪಾಧ್ಯಾಯನಾಗಿ ಬಂದ ದಿನವೇ ಹತ್ತನೇ ತರಗತಿಯ ಛಾವಣಿಯಲ್ಲಿ ಬಿರುಕು ಕಂಡೆ. ದುರಸ್ತಿಗೆಂದು ಬರೆದೆ. ಅನುದಾನ ಬಂದದ್ದು ಸುಣ್ಣಬಣ್ಣಕ್ಕೆ, ಅದೂ ಮಾರ್ಚ್ ಕೊನೆಗೆ. ಬೇರೆಯದಕ್ಕೆ ಮುಟ್ಟುವಂತಿಲ್ಲ; ತಿಂಗಳು ಮುಗಿದರೆ ವಾಪಸ್. ಬಿರುಕಿನ ಮೇಲೆಯೇ ಹಳದಿ ಬಳಿಸಿ, ಕೆಲಸ ಸರಿಯಾಗಿ ಮುಗಿದಿದೆ ಎಂದು ಸಹಿ ಹಾಕಿದೆ. ಮರುವರ್ಷ ನೀಲಿ, ಅದರ ಮರುವರ್ಷ ಗುಲಾಬಿ. ಛಾವಣಿಯ ದುಡ್ಡು ಮಾತ್ರ ಬರಲೇ ಇಲ್ಲ.

ಆ ಕೋಣೆಯಲ್ಲಿ ಪಾಠ ಮಾಡುವಾಗ ರಸ್ತೆಯಲ್ಲಿ ಲಾರಿ ಹಾದರೂ ಮಾತು ನಿಲ್ಲಿಸಿಬಿಡುತ್ತಿದ್ದೆ. ಕೂರಿಸಲು ಬೇರೆ ಕೋಣೆ ಇರಲಿಲ್ಲ. ಮಕ್ಕಳು ಹೆದರಿ ಶಾಲೆ ಬಿಟ್ಟಾರು ಎಂದು ಅವರಿಗೆ ಹೇಳಲಿಲ್ಲ. ಸುಳ್ಳೇಕೆ, ನಾನು ಹೆದರಿದ್ದು ನನ್ನ ಸಹಿಗೆ.

ಈ ವರ್ಷ ಒಂದು ದಿನ ಊಟದ ಬಿಡುವಿನಲ್ಲಿ ದಬ್ಬೆಂದು ಸದ್ದಾಯಿತು. ಓಡಿ ಹೋದೆ. ಕೋಣೆಯ ನಡುವೆ ಗಿಲಾವಿನ ದೊಡ್ಡ ಚಕ್ಕೆ ಬಿದ್ದಿತ್ತು. ಅದರ ಅಂಚಿನಲ್ಲಿ ಗುಲಾಬಿ, ನೀಲಿ, ಹಳದಿ ಪದರು ಪದರಾಗಿ ಕಾಣುತ್ತಿದ್ದವು. ಅಲ್ಲಿದ್ದ ಬೆಂಚುಗಳೆಲ್ಲ ಗೋಡೆಗೆ ಒತ್ತಿಕೊಂಡಿದ್ದವು.

"ಬೆಂಚು ಯಾರು ಸರಿಸಿದ್ರು?" ಎಂದೆ.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಹೇಳಿದಳು: "ನಾವೇ ರೀ ಸರ್. ಪಾಠ ಮಾಡಾಕತ್ತಾಗ ನೀವು ಘಳಿಗಿಗೊಮ್ಮೆ ಮ್ಯಾಲ ನೋಡ್ತಿದ್ರಿ. ಕೇಳಿದ್ರ ಬೈತೀರಂತ ದಿನಾ ಒಂದೀಟ ಸರಿಸೀವ್ರಿ."

ಮೇಲೆಯೇ ನೋಡುತ್ತಿದ್ದ ನನಗೆ ಬೆಂಚು ಸರಿದದ್ದು ಕಂಡಿರಲಿಲ್ಲ.

ಪಕ್ಕದ ಒಂಬತ್ತನೇ ತರಗತಿಗೂ ಅದೇ ಛಾವಣಿ, ಅದೇ ಬಣ್ಣ. ಅಲ್ಲಿ ಪಾಠ ಮಾಡುವ ಮೇಷ್ಟ್ರು ಎಂದೂ ಮೇಲೆ ನೋಡಿದವರಲ್ಲ.